ಭಾಂಡುಪಿನ ವೋಟರ್ ಲಿಸ್ಟು

2026ರ ಜನವರಿ 15ಕ್ಕೆ ನಮ್ಮ ಮುಂಬಯಿ ಮಹಾನಗರಪಾಲಿಕೆಯ ಚುನಾವಣೆ ಆಯಿತಲ್ಲ, ಅದರ ಹಿಂದಿನ ವಾರ ಮಗಳು ಮೊಬೈಲಿನಲ್ಲಿ ನನ್ನ ಹೆಸರು ಹುಡುಕುತ್ತಾ ಕೂತಿದ್ದಳು. ಹೆಸರು ಹಾಕಿದರೆ ಸಿಗಲಿಲ್ಲ. ಕಾರ್ಡಿನ ನಂಬರು ಹಾಕಿದ್ದೇ ತಡ, ಪ್ರತ್ಯಕ್ಷ! ಅಪ್ಪನ ಹೆಸರು ಐತಪ್ಪ ಎಂಬುದು ಅಲ್ಲಿ ಬೇರೇನೋ ಆಗಿತ್ತು. ತಪ್ಪು ನನ್ನದೇ. ಮೂರು ಅರ್ಜಿಗಳಲ್ಲಿ ಮೂರು ಥರ ಬರೆದುಕೊಟ್ಟವನು ನಾನೇ. "ಅಪ್ಪಾ, ಇದು ನೀವೇ ಹೌದಾ?" ಎಂದು ನಕ್ಕಳು.

ಅರ್ಧ ನಿಮಿಷದ ಕೆಲಸ. ಆದರೆ ಭಾಂಡುಪಿನಲ್ಲಿ ಈ ಪಟ್ಟಿಯಲ್ಲಿ ಹೆಸರು ಬರಲಿಕ್ಕೆ ಎಷ್ಟು ಕಾಲ ಹಿಡಿಯಿತು, ಬಾರದವರ ಕಥೆ ಏನಾಯಿತು ಎಂದು ಹೇಳಹೊರಟರೆ ಅರ್ಧ ನಿಮಿಷ ಸಾಲದು. ಸ್ವಲ್ಪ ಹಿಂದೆ ಹೋಗೋಣ.

ಮುಂಬಯಿ ಮುನ್ಸಿಪಾಲಿಟಿಗೆ ಚುನಾವಣೆ ಬಂದದ್ದು 1872ರ ಕಾಯ್ದೆಯಿಂದ. 64 ಸದಸ್ಯರಲ್ಲಿ ಅರ್ಧದಷ್ಟು ಜನರನ್ನು ತೆರಿಗೆ ಕಟ್ಟುವವರು ಆರಿಸಬೇಕು ಎಂದಾಯಿತು. ಅಂದರೆ ಮನೆ, ಆಸ್ತಿ ಇದ್ದವನೇ ಮತದಾರ. ಆ ಕಾಲದಲ್ಲಿ ನಮ್ಮೂರಿಂದ ಹಡಗು ಹತ್ತಿ ಬಂದವರು ಲೆಕ್ಕಕ್ಕೇ ಇಲ್ಲ. 1922ರಲ್ಲಿ ಬಾಡಿಗೆದಾರರಿಗೂ ಬಾಗಿಲು ತೆರೆಯಿತು, ಬಾಡಿಗೆ ಇಷ್ಟಾದರೂ ಇರಬೇಕು ಎಂಬ ಷರತ್ತಿನೊಂದಿಗೆ. ಒಂದು ಖೋಲಿಯಲ್ಲಿ ಹತ್ತು ಜನ ಪಾಳಿಯಲ್ಲಿ ಮಲಗುತ್ತಿದ್ದವರ ಪೈಕಿ ಬಾಡಿಗೆ ಚೀಟಿ ಒಬ್ಬನ ಹೆಸರಿನಲ್ಲಿ. ಉಳಿದ ಒಂಬತ್ತು ಮಂದಿ ಊರಿನಲ್ಲೂ ಇಲ್ಲ, ಇಲ್ಲೂ ಇಲ್ಲ. ವಯಸ್ಸಿಗೆ ಬಂದ ಎಲ್ಲರಿಗೂ ಮತ ಎಂದು ಪಾಲಿಕೆಯ ಚುನಾವಣೆ ನಡೆದದ್ದು 1948ರಲ್ಲಿ.

ಆಗಲೂ ಭಾಂಡುಪ್ ಹೊರಗೇ! ರೈಲಿನ ಲೆಕ್ಕದಲ್ಲಿ ನಾವು ಬಹಳ ಹಳಬರು. ಮುಂಬಯಿ–ಠಾಣೆ ರೈಲಿನ ಯೋಚನೆ ಜಾರ್ಜ್ ಕ್ಲಾರ್ಕ್ ಎಂಬ ಇಂಜಿನಿಯರಿಗೆ ಹೊಳೆದದ್ದು 1843ರಲ್ಲಿ ಭಾಂಡುಪಿಗೆ ಬಂದಾಗ ಎಂದು ರೈಲ್ವೆಯವರೇ ಬರೆದುಕೊಂಡಿದ್ದಾರೆ. ಆದರೆ ಪಾಲಿಕೆಯ ಗಡಿ ಇಲ್ಲಿಗೆ ಬಂದದ್ದು 1950ರ ಏಪ್ರಿಲ್‌ನಲ್ಲಿ. ಪಶ್ಚಿಮ ರೈಲ್ವೆಯ ದಾರಿಯಲ್ಲಿ ಜೋಗೇಶ್ವರಿ, ನಮ್ಮ ದಾರಿಯಲ್ಲಿ ಭಾಂಡುಪ್, ಅಲ್ಲಿಗೆ ಮುಂಬಯಿ ಮುಗಿಯಿತು. ಮುಲುಂಡ್, ದಹಿಸರ್ ಸೇರಿದ್ದು 1957ರಲ್ಲಿ. ಏಳು ವರ್ಷ ನಾವು ಮುಂಬಯಿಯ ಕೊನೆಯ ಮನೆ ಅನ್ನಿ. (ಈಗ ಮತದಾರರ ಸಹಾಯವಾಣಿಯ ನಂಬರೂ 1950! ಚುನಾವಣಾ ಆಯೋಗ ಹುಟ್ಟಿದ ವರ್ಷ ಅದು. ನನಗೆ ಮಾತ್ರ ಆ ನಂಬರು ಒತ್ತುವಾಗೆಲ್ಲ ಭಾಂಡುಪೇ ನೆನಪಾಗುತ್ತದೆ.)

ದೇಶದ ಮೊದಲ ಮಹಾಚುನಾವಣೆ, 1951–52ರದ್ದು, ಅದರದ್ದೊಂದು ಸಂಗತಿ ಹೇಳಲೇಬೇಕು. ಪಟ್ಟಿ ಬರೆಯಲು ಹೋದರೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲವಂತೆ. ಇಂಥವರ ಹೆಂಡತಿ, ಇಂಥವರ ತಾಯಿ, ಅಷ್ಟೆ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನರು ಹಾಗೆ ನಡೆಯುವುದಿಲ್ಲ, ಹೆಸರು ಬೇಕೇ ಬೇಕು ಎಂದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿದ್ದುಹೋದರು. ಸೇನರು ಮಾಡಿದ್ದು ಸರಿಯೇ ಎಂದು ನನಗೆ ಅನ್ನಿಸುತ್ತದೆ. ಗಂಡ ಸತ್ತ ಮೇಲೆ "ಇಂಥವರ ಹೆಂಡತಿ" ಎಂಬ ಕಾಗದ ಹಿಡಿದು ಯಾವ ಕಚೇರಿಗೆ ಹೋಗುವುದು?

ನಾನು ಭಾಂಡುಪಿಗೆ ಬಂದದ್ದು 1978ರಲ್ಲಿ. ಆಗ ಎಲ್.ಬಿ.ಎಸ್. ರಸ್ತೆ ಅಂದರೆ ಫ್ಯಾಕ್ಟರಿ. ಜಿ.ಕೆ.ಡಬ್ಲ್ಯೂ., ಸಿಯೆಟ್, ಏಷ್ಯನ್ ಪೇಂಟ್ಸ್... ಪಾಳಿ ಬಿಟ್ಟಾಗ ರಸ್ತೆ ತುಂಬ ಜನ. ಅವರಿಗೆ ಚಹಾ, ಇಡ್ಲಿ ಕೊಡಲಿಕ್ಕೆ ನಮ್ಮವರು. ಮನೆ ಎಲ್ಲಿ? ಗುಡ್ಡದ ಮೇಲೆ. ಟೆಂಭಿಪಾಡಾ, ಖಿಂಡಿಪಾಡಾ ಕಡೆ ತಗಡಿನ ಗೋಡೆ, ತಗಡಿನ ಮಾಡು. ಗುಲ್ಬರ್ಗ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಉಡುಪಿ ಕಡೆಯ ನಾವು, ಕೊಂಕಣದವರು, ಉತ್ತರದ ಭಯ್ಯಾಗಳು, ಎಲ್ಲರೂ ಒಂದೇ ನಳ್ಳಿಯ ಕ್ಯೂನಲ್ಲಿ.

ಸರಕಾರ ಇಂಥವರನ್ನು ಮೊದಲ ಸಲ ಸರಿಯಾಗಿ ಎಣಿಸಿದ್ದು 1976ರಲ್ಲಿ, ಝೋಪಡಪಟ್ಟಿ ಗಣತಿಯಲ್ಲಿ. ಆಗ ಇದ್ದವರಿಗೆ ಫೋಟೋಪಾಸ್ ಸಿಕ್ಕಿತು. ಮತ್ತೆ ತಾರೀಕು ಮುಂದೆ ಮುಂದೆ ಹೋಗುತ್ತಾ 1995ರ ಜನವರಿ 1ಕ್ಕೆ ಬಂದು ನಿಂತಿತು. ಆ ದಿನದ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಗುಡಿಸಲಿನಲ್ಲಿ ವಾಸವೂ ಇದ್ದರೆ, ಪುನರ್ವಸತಿ ಯೋಜನೆಯಲ್ಲಿ ಪುಕ್ಕಟೆ ಮನೆ. ಹೀಗೆ ವೋಟಿನ ಪಟ್ಟಿ ಮನೆಯ ಕಾಗದ ಆಯಿತು ಮಾರಾಯ್ರೆ! ವೋಟು ಹಾಕದವನೂ ಪಟ್ಟಿಯ ಝೆರಾಕ್ಸು ಮಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಕ್ಕಿ ಡಬ್ಬಿಯಲ್ಲಿ ಇಟ್ಟ. ಮಳೆಗಾಲದಲ್ಲಿ ಗುಡ್ಡದ ನೀರು ಒಳಗೆ ಬಂದರೆ ಮೊದಲು ಎತ್ತುತ್ತಿದ್ದದ್ದು ಆ ಡಬ್ಬಿಯನ್ನೇ.

ನಮ್ಮ ಸಾಲಿನಲ್ಲಿ ಒಬ್ಬ ಅಣ್ಣ ಇದ್ದರು. ನನಗಿಂತ ಹತ್ತು ವರ್ಷ ಮೊದಲೇ ಬಂದವರು. ಅವರ ವೋಟು ಊರಿನಲ್ಲಿ. ಪ್ರತಿ ಚುನಾವಣೆಗೆ ರಜೆ ಹಾಕಿ ಬಸ್ಸು ಹತ್ತುತ್ತಿದ್ದರು. "ಅಣ್ಣಾ, ಇಲ್ಲಿ ಹೆಸರು ಹಾಕಿಸಿ, ನಾಳೆ ಬೇಕಾದೀತು" ಎಂದರೆ, "ಇಲ್ಲಿ ಹಾಕಿದರೆ ಅಲ್ಲಿಯದು ತೆಗೀಬೇಕಲ್ಲ ಮಾರಾಯ, ಊರಲ್ಲಿ ನಾನು ಯಾರೂ ಅಲ್ಲ ಅಂತ ಆಗುವುದಿಲ್ಲವಾ?" ಎನ್ನುತ್ತಿದ್ದರು. ಕಾನೂನು ಅವರು ಹೇಳಿದಂತೆಯೇ ಇದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಎರಡು ಕ್ಷೇತ್ರಗಳಲ್ಲಿ ಹೆಸರು ಇರುವಂತಿಲ್ಲ. ಆದರೆ ಅದೇ ಕಾಯ್ದೆ ಇನ್ನೊಂದು ಮಾತೂ ಹೇಳುತ್ತದೆ. ಊರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ನೀವು ಅಲ್ಲಿಯ ವಾಸಿ ಆಗುವುದಿಲ್ಲ. ಅದನ್ನು ಅಣ್ಣನಿಗೆ ಹೇಳುವವರು ಯಾರು? ನನಗೂ ಆಗ ಗೊತ್ತಿರಲಿಲ್ಲ.

ಬಿಲ್ಡರು ಬಂದ. ಸಾಲಿನವರೆಲ್ಲ ಡಬ್ಬಿ ತೆರೆದರು. ಅಣ್ಣ ರೇಷನ್ ಕಾರ್ಡು, ಲೈಟ್ ಬಿಲ್ಲು ಹಿಡಿದು ಎರಡು ವರ್ಷ ತಿರುಗಿದರು. ಇಪ್ಪತ್ತೈದು ವರ್ಷ ಅದೇ ತಗಡಿನ ಕೆಳಗೆ ಮಲಗಿದ ಮನುಷ್ಯ ಕಾಗದದಲ್ಲಿ ಭಾಂಡುಪಿಗೆ ಬಂದೇ ಇರಲಿಲ್ಲ. ಕೊನೆಗೆ ಸಾಕಪ್ಪಾ ಎಂದು ಟ್ರಂಕು ಕಟ್ಟಿ ಊರಿಗೆ ಹೋದರು. 2014ರಲ್ಲಿ ಕಾನೂನು ತಿದ್ದಿ ತಾರೀಕನ್ನು 2000ದ ಜನವರಿ 1ಕ್ಕೆ ತಂದಾಗ ಅವರು ತೀರಿಹೋಗಿ ಎರಡು ವರ್ಷ ಆಗಿತ್ತು.

ಈಗಿನ ವ್ಯವಸ್ಥೆಗೆ ಬರೋಣ, ಏಕೆಂದರೆ ಗೊಂದಲ ಇನ್ನೂ ಮುಗಿದಿಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆ ಕೇಂದ್ರದ ಆಯೋಗದ್ದು. ಪಾಲಿಕೆಯದು ರಾಜ್ಯ ಚುನಾವಣಾ ಆಯೋಗದ್ದು. ಪಾಲಿಕೆಗೆ ಬೇರೆಯಾಗಿ ಹೆಸರು ಬರೆಯುವುದಿಲ್ಲ, ವಿಧಾನಸಭೆಯ ಪಟ್ಟಿಯನ್ನೇ ವಾರ್ಡು ವಾರ್ಡಾಗಿ ಒಡೆಯುತ್ತಾರೆ. 2026ರ ಚುನಾವಣೆಗೆ 2025ರ ಜುಲೈ 1ರ ಪಟ್ಟಿ ಹಿಡಿದರು. ಹಾಗಾಗಿ ವಿಧಾನಸಭೆಗೆ ವೋಟು ಹಾಕಿದ ಶಾಲೆಗೇ ಪಾಲಿಕೆಗೂ ಹೋಗಿ ನಿಂತರೆ ಹೆಸರು ಸಿಗದೆ ಇರಬಹುದು, ಮತಗಟ್ಟೆ ಬದಲಾಗಿರುತ್ತದೆ. ಮನೆ ಬದಲಾಯಿಸಿದವರಿಗೆ ಈಗ ನಮೂನೆ 8 ಒಂದೇ ಸಾಕು, 8ಎ ಎಂಬುದು 2022ರಲ್ಲಿ ಹೋಯಿತು. ಎಲ್ಲವೂ ಮೊಬೈಲಿನಲ್ಲೇ ಆಗುತ್ತದೆ.

2022ರ ಮಾರ್ಚಿನಿಂದ ಹೆಚ್ಚುಕಡಿಮೆ ನಾಲ್ಕು ವರ್ಷ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯ ರಾಜ್ಯ. ನಳ್ಳಿ ನೀರು ಬಾರದಿದ್ದರೆ ಯಾರ ಮನೆ ಬಾಗಿಲು ತಟ್ಟುವುದು? 1916ಕ್ಕೆ ಫೋನು ಮಾಡುವುದು, ಇಲ್ಲವಾದರೆ ಮಂಗತರಾಮ್ ಪೆಟ್ರೋಲ್ ಪಂಪಿನ ಬಳಿಯ ಎಸ್ ವಾರ್ಡ್ ಆಫೀಸಿಗೆ ನಡೆಯುವುದು. ದೂರು ಬರೆದುಕೊಂಡು ನಂಬರು ಕೊಡುತ್ತಾರೆ, ಒಳ್ಳೆಯದೇ. ಆದರೆ ನಂಬರಿನ ಹತ್ತಿರ ಜಗಳ ಆಡಲಿಕ್ಕೆ ಆಗುವುದಿಲ್ಲ ನೋಡಿ.

ಜನವರಿ 15ರಂದು ಬೆಳಿಗ್ಗೆ ಬೇಗನೆ ಹೋದೆ. ಮಗಳು ಹೇಳಿದ ಶಾಲೆ ಬೇರೆಯೇ ಇತ್ತು, ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ನನ್ನ ಹಿಂದೆ ನಿಂತಿದ್ದ ಗುಲ್ಬರ್ಗದ ಅಕ್ಕನ ಕೈಯಲ್ಲಿ ಮಾತ್ರ ಮೊಬೈಲೂ ಇತ್ತು, ಹಳದಿಯಾದ ಆ ಝೆರಾಕ್ಸೂ ಇತ್ತು. "ಅದ್ಯಾಕ್ರೀ ಅಕ್ಕಾ, ಇವತ್ತು ಬೇಕಾಗೂದಿಲ್ಲ" ಎಂದೆ. "ಇರ್ಲಿ ಬಿಡ್ರಿ" ಎಂದು ಮಡಚಿ ಸೆರಗಿನೊಳಗೆ ಇಟ್ಟುಕೊಂಡರು.