ತಾಲ್ಲೂಕಿನ ಸರಾಸರಿಯ ಆಚೆಗೆ: ಕಲ್ಯಾಣ ಕರ್ನಾಟಕದ ಅಸಮಾನತೆ ಮತ್ತು ತುಂಗಭದ್ರಾ ಎಡದಂಡೆ ಕಾಲುವೆ

ಸಾರಾಂಶ

ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಎರಡು ದಶಕಗಳಿಂದ ತಾಲ್ಲೂಕನ್ನೇ ಘಟಕವಾಗಿಟ್ಟುಕೊಂಡು ಅಳೆಯಲಾಗಿದೆ. ತಾಲ್ಲೂಕುಗಳ ನಡುವಿನ ಅಂತರವನ್ನು ತೋರಿಸುವ ಈ ಕ್ರಮ, ತಾಲ್ಲೂಕಿನೊಳಗೆ ಸಂಪನ್ಮೂಲ ಹಂಚಿಕೆಯಾಗುವ ಬಗೆಯನ್ನು ಮರೆಮಾಡುತ್ತದೆ ಎಂಬುದು ಈ ಲೇಖನದ ವಾದ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಂಚಿಕೆ ಇದಕ್ಕೆ ನಿದರ್ಶನ.

1. ಅಳತೆಯ ಚೌಕಟ್ಟು

ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಸಲ್ಲಿಸಿತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗದವು, ಅಂದರೆ ಇಂದಿನ ಕಲ್ಯಾಣ ಕರ್ನಾಟಕದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ ಸಮಿತಿ 31,000 ಕೋಟಿ ರೂಪಾಯಿಗಳನ್ನು ಸೂಚಿಸಿತ್ತು.

ಮುಂದೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಈ ಭಾಗಕ್ಕೆ 371(ಜೆ) ವಿಧಿ ಬಂತು. ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಸಿಕ್ಕಿತು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಇವು ಹೋರಾಟದಿಂದ ದಕ್ಕಿದ ಹಕ್ಕುಗಳು. ಅವುಗಳ ಮಹತ್ವ ಪ್ರಶ್ನಾತೀತ. ಪ್ರಶ್ನೆ ಇರುವುದು ಹಣ ಪ್ರದೇಶವನ್ನು ತಲುಪಿದ ಮೇಲೆ ಯಾರನ್ನು ಮುಟ್ಟುತ್ತದೆ ಎಂಬುದರಲ್ಲಿ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಅದೇ ಜಿಲ್ಲೆಯ ಗಂಡಸರ ಮತ್ತು ಹೆಂಗಸರ ಸಾಕ್ಷರತೆಯ ನಡುವೆ 20ಕ್ಕೂ ಹೆಚ್ಚು ಶೇಕಡಾ ಅಂಶಗಳ ಅಂತರವಿತ್ತು. ಸರಾಸರಿ ಇದನ್ನು ಹೇಳುವುದಿಲ್ಲ. ಕಾಲುವೆ ನೀರಿನ ಹಂಚಿಕೆಯಲ್ಲೂ ಇಂಥದೇ ಅಂತರ ಅಡಗಿದೆ.

2. ಕಾಲುವೆಯ ಮೇಲ್ಭಾಗ, ಕೊನೆಭಾಗ

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿ.ಮೀ. ಹರಿದು ಕೊಪ್ಪಳ, ರಾಯಚೂರು ಜಿಲ್ಲೆಗಳ ಸುಮಾರು ಆರು ಲಕ್ಷ ಎಕರೆಗೆ ನೀರುಣಿಸಬೇಕು. ಬರಪೀಡಿತ ಸೀಮೆಯಲ್ಲಿ ಇರುವಷ್ಟು ನೀರನ್ನು ಹೆಚ್ಚು ಹೊಲಗಳಿಗೆ ತೆಳುವಾಗಿ ಹಂಚುವುದು ಯೋಜನೆಯ ಮೂಲ ಉದ್ದೇಶ. ಹಾಗಾಗಿ ಅಚ್ಚುಕಟ್ಟಿನ ಬಹುಪಾಲನ್ನು ಜೋಳ, ಶೇಂಗಾ, ಹತ್ತಿಯಂಥ ಮಿತ ನೀರಾವರಿ ಬೆಳೆಗಳಿಗೆ ನಿಗದಿಪಡಿಸಿ, ಭತ್ತಕ್ಕೆ ಸಣ್ಣ ಪಾಲನ್ನಷ್ಟೇ ಬಿಡಲಾಗಿತ್ತು.

ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡ ರೈತರ ‘ಕ್ಯಾಂಪ್’ಗಳು ಮೇಲ್ಭಾಗದಲ್ಲಿ ತಲೆಯೆತ್ತಿದವು, ಗಂಗಾವತಿ, ಸಿಂಧನೂರು ಸುತ್ತ ಭತ್ತವೇ ಮುಖ್ಯ ಬೆಳೆಯಾಯಿತು. ಸ್ಥಳೀಯ ರೈತರೂ ಅದೇ ದಾರಿ ಹಿಡಿದರು. ಅಕ್ಕಿ ಗಿರಣಿ, ಸಾಲ, ಕೊಳ್ಳುವವರು ಎಲ್ಲವೂ ಭತ್ತದ ಸುತ್ತಲೇ ಬೆಳೆದಾಗ ಜೋಳ ಬಿತ್ತುವವನಿಗೆ ಲಾಭ ಕಾಣಲಿಲ್ಲ. ಇದರ ಬೆಲೆ ತೆತ್ತವರು ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು. ನೀರಿಗಾಗಿ ಅವರ ಧರಣಿ ಆ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುವ ಸುದ್ದಿ. ನೀರು ಬಾರದ ಹಂಗಾಮಿನಲ್ಲಿ ಸಣ್ಣ ಹಿಡುವಳಿದಾರರಿಗೂ ಕೂಲಿಕಾರರಿಗೂ ಗುಳೆ ಹೋಗುವುದೊಂದೇ ಉಳಿಯುವ ದಾರಿ.

ನೀರು ಹೆಚ್ಚಾದಲ್ಲೂ ಸಮಸ್ಯೆ ತಪ್ಪಲಿಲ್ಲ. ಮೇಲ್ಭಾಗದ ಎರೆಭೂಮಿ ಸವಳು-ಜವಳಿಗೆ ತುತ್ತಾಯಿತು. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದು, ಹಂಚಬೇಕಾದ ನೀರೇ ಕಡಿಮೆಯಾಯಿತು. ಅಸಮಾನ ಹಂಚಿಕೆ ಮತ್ತು ಮೇಲ್ಭಾಗದ ಭೂಮಿಯ ಹಾನಿ ಎರಡಕ್ಕೂ ಒಂದೇ ಬೇರು, ಮೇಲ್ಭಾಗದ ಅತಿಯಾದ ನೀರು ಬಳಕೆ. ಒಬ್ಬರ ಹೊಲದಲ್ಲಿ ನೀರು ನಿಂತು ಭೂಮಿ ಕೆಡುತ್ತಿರುವಾಗಲೇ ಇನ್ನೊಬ್ಬರ ಹೊಲ ಒಣಗುತ್ತದೆ. ನೀರಾವರಿ ಕ್ಷೇತ್ರದ ವಿಸ್ತೀರ್ಣವನ್ನಷ್ಟೇ ಪ್ರಗತಿಯೆಂದು ಎಣಿಸುವ ಸೂಚ್ಯಂಕದಲ್ಲಿ ಈ ಎರಡೂ ಹಾನಿಗಳು ದಾಖಲಾಗುವುದಿಲ್ಲ.

3. ನಿಷ್ಕರ್ಷೆ

ಇದರಿಂದ ಮೂರು ಸೂಚನೆಗಳು ಹೊರಡುತ್ತವೆ. ಮೊದಲನೆಯದು, ಅಭಿವೃದ್ಧಿ ಸೂಚ್ಯಂಕ ಗ್ರಾಮದ ಮಟ್ಟಕ್ಕೆ ಇಳಿದು, ಜಾತಿ, ಲಿಂಗ, ಹಿಡುವಳಿಯ ಗಾತ್ರಕ್ಕೆ ಅನುಗುಣವಾಗಿ ಅಂತರವನ್ನು ತೋರಿಸಬೇಕು. ಎರಡನೆಯದು, ಕಾಲುವೆಯ ಪ್ರತಿ ಗೇಜಿನಲ್ಲಿ (ನೀರಿನ ಮಟ್ಟ ಅಳೆಯುವ ಜಾಗ) ಹರಿದ ನೀರಿನ ಲೆಕ್ಕ ಎಲ್ಲರಿಗೂ ತಿಳಿಯುವಂತಿರಬೇಕು. ನೀರಾವರಿ ಕಾಯ್ದೆಯ 2000ದ ತಿದ್ದುಪಡಿಯ ನಂತರ ಕಾನೂನಿನ ಬಲ ಪಡೆದ ನೀರು ಬಳಕೆದಾರರ ಸಹಕಾರ ಸಂಘಗಳು ಕೊನೆಭಾಗದವರ ಪರವಾಗಿ ಕೇಳಬೇಕಾದರೆ ಆ ಲೆಕ್ಕ ಕೈಯಲ್ಲಿರಬೇಕು. ಮೂರನೆಯದು, ಜೋಳ, ತೊಗರಿಗೆ ಖಾತ್ರಿ ಖರೀದಿ ಇಲ್ಲದೆ ಬೆಳೆ ಪದ್ಧತಿಯ ಉಲ್ಲಂಘನೆಯನ್ನು ಪೊಲೀಸ್ ಬಂದೋಬಸ್ತಿನಿಂದ ತಡೆಯಲಾಗದು.

ಪ್ರಾದೇಶಿಕ ಅಸಮತೋಲನದ ಮರುಅಧ್ಯಯನಕ್ಕೆ ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಇಂಥ ಅಧ್ಯಯನ ತಾಲ್ಲೂಕಿನ ಸರಾಸರಿಯಲ್ಲೇ ನಿಂತರೆ, ಬೆಂಗಳೂರಿಗೂ ರಾಯಚೂರಿಗೂ ಇರುವ ಅಂತರ ತಗ್ಗಿದರೂ ಕಾಲುವೆಯ ಮೇಲ್ಭಾಗಕ್ಕೂ ಕೊನೆಭಾಗಕ್ಕೂ ಇರುವ ಅಂತರ ಹಾಗೆಯೇ ಉಳಿಯಬಹುದು. ಎರಡನ್ನೂ ಒಟ್ಟಿಗೆ ಅಳೆದಾಗಲೇ ಹಿಂದುಳಿದ ಪ್ರದೇಶಕ್ಕೆಂದು ಕೊಟ್ಟ ಅನುದಾನ ಹಿಂದುಳಿದ ಜನರಿಗೆ ಸಂದಿತೋ ಇಲ್ಲವೋ ಎಂದು ಹೇಳಲು ಸಾಧ್ಯ.