ಮೋಟಾರು ವಾಹನ ತೆರಿಗೆ ಹಾಗೂ ಇಂಧನ ಮಾರಾಟ ತೆರಿಗೆ: ರಾಮದುರ್ಗ ತಾಲ್ಲೂಕಿನ ವಾಹನ ಮಾಲೀಕರಿಗೆ ಮಾಹಿತಿ

ಕರ್ನಾಟಕ ಮೋಟಾರು ವಾಹನಗಳ ತೆರಿಗೆ ನಿರ್ಧರಣೆ ಅಧಿನಿಯಮ, 1957ರ ಅನ್ವಯ ರಾಜ್ಯದಲ್ಲಿ ವಾಹನ ತೆರಿಗೆಯನ್ನು ವಿಧಿಸಲಾಗುತ್ತದೆ. ದ್ವಿಚಕ್ರ ವಾಹನ ಹಾಗೂ ಸ್ವಂತ ಬಳಕೆಯ ಕಾರುಗಳಿಗೆ ನೋಂದಣಿಯ ಸಮಯದಲ್ಲಿಯೇ ಜೀವಿತಾವಧಿ ತೆರಿಗೆ ಪಾವತಿಯಾಗುತ್ತದೆ. ಭಾರೀ ಲಾರಿಗಳ ತೆರಿಗೆಯನ್ನು ಮಾತ್ರ ತ್ರೈಮಾಸಿಕವಾಗಿ, ಮುಂಗಡವಾಗಿ ಪಾವತಿಸತಕ್ಕದ್ದು.

ಪೆಟ್ರೋಲ್ ಮತ್ತು ಡೀಸೆಲ್ ಮೇಲಿನದು ಮಾರಾಟ ತೆರಿಗೆ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಇದಕ್ಕೆ 54ನೆಯ ನಮೂದು, ವಾಹನ ತೆರಿಗೆಗೆ 57ನೆಯ ನಮೂದು ಆಧಾರ. ದಿನಾಂಕ 15-06-2024ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 14.34ರಿಂದ 18.44ಕ್ಕೆ, 01-04-2025ರಿಂದ ಶೇ. 21.17ಕ್ಕೆ ಹೆಚ್ಚಿಸಲಾಯಿತು. ಈ ಹೆಚ್ಚಳದಿಂದ ವಾಹನ ತೆರಿಗೆ ರದ್ದಾಗಿಲ್ಲ. ಇಂಧನದ ರಸೀದಿಯು ತೆರಿಗೆ ರಸೀದಿಗೆ ಪರ್ಯಾಯವೂ ಅಲ್ಲ.

ವಾಹನ ತೆರಿಗೆಯನ್ನು ಕೈಬಿಟ್ಟು ಇಂಧನದ ಮೇಲೆಯೇ ವಸೂಲು ಮಾಡಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಓಡಿದಷ್ಟಕ್ಕೆ ಮಾತ್ರ ತೆರಿಗೆ ಬೀಳುತ್ತದೆ, ಬಾಕಿ ಉಳಿಯುವ ಪ್ರಶ್ನೆಯೇ ಇರುವುದಿಲ್ಲ. ಉದಾಹರಣೆಗೆ, ವರ್ಷಕ್ಕೆ 40,000 ಕಿ.ಮೀ. ಓಡಿ ಲೀಟರಿಗೆ 4 ಕಿ.ಮೀ. ಕೊಡುವ ಲಾರಿಗೆ 10,000 ಲೀಟರ್ ಡೀಸೆಲ್ ಬೇಕು. ಲೀಟರಿಗೆ ರೂ. 2 ಹೆಚ್ಚಿಸಿದರೆ ಅದರ ಮಾಲೀಕರ ಮೇಲೆ ಬೀಳುವ ಹೊರೆ ರೂ. 20,000, ನಿಂತ ಲಾರಿಗೆ ಏನೂ ಇಲ್ಲ. ಆದರೆ ಹೊಲದಲ್ಲಿ ಉಳುವ ಟ್ರ್ಯಾಕ್ಟರ್ ಹಾಗೂ ಡೀಸೆಲ್ ಪಂಪ್‌ಸೆಟ್ ರಸ್ತೆಯನ್ನೇ ಬಳಸದೆ ಅದೇ ತೆರಿಗೆಯನ್ನು ತೆರಬೇಕಾಗುತ್ತದೆ. ಮಲಪ್ರಭೆಯ ದಡದ ರೈತರಿಗೆ ಇದು ಸಣ್ಣ ಮಾತಲ್ಲ. ನ್ಯೂಜಿಲೆಂಡಿನಲ್ಲಿ ಇದೇ ತೊಡಕಿನ ಕಾರಣ ಡೀಸೆಲ್ ವಾಹನಗಳಿಗೆ ಕಿಲೋಮೀಟರ್ ಆಧಾರದ ಶುಲ್ಕವನ್ನು 1977ರ ಕಾಯ್ದೆಯಿಂದ ಜಾರಿಗೆ ತರಲಾಯಿತು. ಇದಲ್ಲದೆ ಬೆಳಗಾವಿ ಗಡಿ ಜಿಲ್ಲೆ. ಕೊಲ್ಹಾಪುರದಲ್ಲಿ ಡೀಸೆಲ್ ತುಂಬಿಸಿದ ಲಾರಿಯ ಮಾರಾಟ ತೆರಿಗೆ ಮಹಾರಾಷ್ಟ್ರಕ್ಕೆ ಸೇರುತ್ತದೆ. ವಿದ್ಯುತ್ ವಾಹನವಂತೂ ಬಂಕಿಗೆ ಬರುವುದೇ ಇಲ್ಲ.

ಆದುದರಿಂದ ಅರ್ಜಿದಾರರು ಮುಖ್ಯವಾಗಿ ಗಮನಿಸತಕ್ಕದ್ದು ಇದು: ನೋಂದಣಿ ಪತ್ರ ಚಾಲ್ತಿಯಲ್ಲಿರುವವರೆಗೆ ವಾಹನವು ರಸ್ತೆ ಬಳಕೆಗೆ ಯೋಗ್ಯವೆಂದೇ ಕಾನೂನು ಭಾವಿಸುತ್ತದೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಲಾರಿಯನ್ನು ಮನೆಯ ಮುಂದೆ ನಿಲ್ಲಿಸಿದ ಮಾತ್ರಕ್ಕೆ ತ್ರೈಮಾಸಿಕ ತೆರಿಗೆ ನಿಲ್ಲುವುದಿಲ್ಲ. ಬಳಸದಿರುವ ಅವಧಿ ಆರಂಭವಾಗುವ ಮೊದಲೇ ಬೈಲಹೊಂಗಲದ ಸಾರಿಗೆ ಕಚೇರಿಗೆ (ಕೆಎ-24) ಲಿಖಿತವಾಗಿ ತಿಳಿಸಿ, ವಾಹನದ ದಾಖಲೆಗಳನ್ನು ಒಪ್ಪಿಸಿ ಸ್ವೀಕೃತಿ ಪಡೆಯತಕ್ಕದ್ದು. ವಾಹನವನ್ನು ಮತ್ತೆ ರಸ್ತೆಗಿಳಿಸುವ ಮುನ್ನ ತೆರಿಗೆ ಪಾವತಿಸಿ ದಾಖಲೆಗಳನ್ನು ಹಿಂಪಡೆಯಬೇಕು.