ಕೊಳೆಯದ ದೋಣಿಗೂ ಆರೈಕೆ ಬೇಕು

ಮರದ ದೋಣಿಗೆ ಆಯುಷ್ಯವೆಂಬುದೊಂದಿದೆ. ಮಾವು, ಹೆಬ್ಬಲಸಿನಂಥ ಮರಗಳಿಂದ ಮಾಡಿದ ದೋಣಿಗಳನ್ನು ಪಶ್ಚಿಮ ಕರಾವಳಿಯ ಮೀನುಗಾರರು ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿದು ಕಾಪಾಡಿಕೊಂಡು ಬಂದರು. ಎಷ್ಟು ಬಳಿದರೂ ಮಳೆ, ಬಿಸಿಲು, ಉಪ್ಪುನೀರು, ಮರ ಕೊರೆಯುವ ಹುಳು ಇವೆಲ್ಲ ಸೇರಿ ಒಂದಲ್ಲ ಒಂದು ದಿನ ಅದನ್ನು ಮುಗಿಸುತ್ತಿದ್ದವು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಂದ ಫೈಬರ್‌ಗ್ಲಾಸ್ ಈ ಲೆಕ್ಕವನ್ನೇ ಬದಲಿಸಿತು. ಅರವತ್ತು ವರ್ಷಗಳ ಹಿಂದೆ ತಯಾರಾದ ಸಣ್ಣ ಮೀನುಗಾರಿಕೆ ದೋಣಿಗಳು ಅಮೆರಿಕದ ಕೆರೆ, ಕೊಲ್ಲಿಗಳಲ್ಲಿ ಇಂದಿಗೂ ತೇಲುತ್ತಿವೆ. ಆದರೆ ಅವು ತಾವಾಗಿಯೇ ಉಳಿದುಬಂದವಲ್ಲ. ಯಾರದೋ ಕೈಗಳು ಅವುಗಳನ್ನು ಉಳಿಸಿಕೊಂಡಿವೆ.

ಈ ವಸ್ತುವಿನ ಹುಟ್ಟು ಆಕಸ್ಮಿಕ. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಗಾಜಿನ ಕಂಪೆನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವ ಸಂಶೋಧಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದ. ಒತ್ತಡದ ಗಾಳಿ ಕರಗಿದ ಗಾಜಿಗೆ ಬಡಿದಾಗ ಅದು ಕೂದಲಿಗಿಂತ ನವಿರಾದ ಎಳೆಗಳಾಗಿ ಚದುರಿತು. ಮೊದಲು ಈ ಎಳೆಗಳು ಶಾಖ ತಡೆಯುವ ಹೊದಿಕೆಯಾಗಿ ಬಳಕೆಗೆ ಬಂದವು. ಕೃತಕ ರಾಳದೊಡನೆ ಸೇರಿದರೆ ಅವು ಹಗುರವೂ ಗಟ್ಟಿಯೂ ಆದ ವಸ್ತುವಾಗುತ್ತವೆಂಬುದು ಆನಂತರ ಗೊತ್ತಾಯಿತು. ಓಹಿಯೋ ರಾಜ್ಯದ ಟೊಲೆಡೊ ನಗರದ ರೇ ಗ್ರೀನ್ 1942ರಲ್ಲಿ ಪಾಲಿಯೆಸ್ಟರ್ ರಾಳ ಮತ್ತು ಗಾಜಿನ ಎಳೆಗಳಿಂದ ಸಣ್ಣ ದೋಣಿಯೊಂದನ್ನು ಮಾಡಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ರೇಡಾರ್ ಮುಚ್ಚಳಗಳಿಗೆ ಒದಗಿದ ಈ ವಸ್ತು, ಯುದ್ಧ ಮುಗಿದ ಮೇಲೆ ದೋಣಿ ಕಟ್ಟುವವರ ಅಂಗಳಕ್ಕೆ ಬಂತು.

ಮರದ ದೋಣಿಯನ್ನು ಕಟ್ಟುತ್ತಾರೆ. ಫೈಬರ್ ದೋಣಿಯನ್ನು ಅಚ್ಚಿನಲ್ಲಿ ಎರೆಯುತ್ತಾರೆ ಎನ್ನಬಹುದು. ಇಲ್ಲಿ ಕೆಲಸ ನಡೆಯುವುದು ಹೊರಗಿನಿಂದ ಒಳಕ್ಕೆ. ಮೊದಲು ಅಚ್ಚಿನ ಒಳಮೈಗೆ ಜೆಲ್‌ಕೋಟ್ ಎಂಬ ಬಣ್ಣದ ರಾಳ ಬಳಿಯಬೇಕು. ನಾಳೆ ದೋಣಿಯ ಹೊರಗೆ ಮಿರುಗುವ ಮೈ ಅದೇ. ಅದರ ಮೇಲೆ ಗಾಜಿನ ಎಳೆಯ ಚಾಪೆ, ಗಾಜಿನ ನೂಲಿನ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ರಾಳದಲ್ಲಿ ತೋಯಿಸಿ, ಗಾಳಿಯ ಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಬೇಕು. ಗಟ್ಟಿಗೊಳಿಸುವ ರಾಸಾಯನಿಕ ಬೆರೆತೊಡನೆ ರಾಳ ತಾನೇ ಬಿಸಿಯೇರಿ ಕಲ್ಲಿನಂತಾಗುತ್ತದೆ. ಒಲೆಯೂ ಬೇಡ, ನುರಿತ ಬಡಗಿಯೂ ಬೇಡ. ಒಂದು ಅಚ್ಚಿದ್ದರೆ ಒಂದೇ ಬಗೆಯ ನೂರಾರು ದೋಣಿಗಳು ಸಿದ್ಧ. ಅಲ್ಲಿಯವರೆಗೆ ಉಳ್ಳವರ ಸೊತ್ತಾಗಿದ್ದ ಮೋಜಿನ ದೋಣಿ ಸಾಮಾನ್ಯ ಸಂಬಳದವರ ಮನೆಯಂಗಳಕ್ಕೂ ಬಂದದ್ದು ಹೀಗೆ.

ಆರಂಭದ ತಯಾರಕರಿಗೆ ಈ ಹೊಸ ವಸ್ತುವಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಅದರ ಬಲ ಎಷ್ಟೆಂದು ಅನುಭವ ಹೇಳಿರಲಿಲ್ಲವಾದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚು ಪದರಗಳನ್ನು ಹಾಸಿದರು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿಯಂನಿಂದ ಬರುವ ರಾಳ ತುಟ್ಟಿಯಾಗಿ, ಪದರಗಳ ಲೆಕ್ಕಾಚಾರ ಬಿಗಿಯಾಯಿತು. ಹಳೆಯ ದೋಣಿಗಳ ಪೈಕಿ ಹಲವು ದಪ್ಪ ಮೈಯವಾಗಿ ಬಾಳಿಕೆ ಬಂದಿರುವುದರ ಹಿಂದೆ ಆ ಮೊದಲಿನ ಅಪನಂಬಿಕೆಯೇ ಇದೆ ಎಂಬುದು ವಿಚಿತ್ರವಾದರೂ ನಿಜ.

ಸಣ್ಣ ಫೈಬರ್ ದೋಣಿಗಳಲ್ಲಿ ಬಹಳ ಹೆಸರಾದದ್ದು ಬೋಸ್ಟನ್ ವೇಲರ್. ಹಾರ್ವರ್ಡ್‌ನಲ್ಲಿ ತತ್ತ್ವಶಾಸ್ತ್ರ ಓದಿದ್ದ ರಿಚರ್ಡ್ ಫಿಶರ್, ವಿನ್ಯಾಸಕಾರ ರೇಮಂಡ್ ಹಂಟ್ ಜೊತೆಗೂಡಿ ರೂಪಿಸಿದ 13 ಅಡಿ ಉದ್ದದ ಈ ದೋಣಿ 1958ರಲ್ಲಿ ಮಾರುಕಟ್ಟೆಗೆ ಬಂತು. ಅದರ ಒಳ ಮತ್ತು ಹೊರ ಚಿಪ್ಪುಗಳ ನಡುವಿನ ಜಾಗವನ್ನು ಹಗುರವಾದ ಫೋಮ್ ತುಂಬಿತ್ತು. 1961ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದ ಚಿತ್ರಗಳು ಮನೆಮಾತಾದವು: ನೀರಿನ ಮೇಲೆಯೇ ದೋಣಿಯನ್ನು ಗರಗಸದಿಂದ ಎರಡಾಗಿ ಕೊಯ್ಯಲಾಗುತ್ತಿದೆ, ಫಿಶರ್ ನಿಶ್ಚಿಂತೆಯಿಂದ ಅದರಲ್ಲೇ ಕುಳಿತಿದ್ದಾನೆ, ಕೊನೆಗೆ ಮೋಟಾರು ಇರುವ ಅರ್ಧದಲ್ಲಿ ಹೊರಟೇಹೋಗುತ್ತಾನೆ.

ಮುಳುಗದ ದೋಣಿಗೂ ಮುಪ್ಪು ಬರುತ್ತದೆ. ಫೈಬರ್ ಕೊಳೆಯುವುದಿಲ್ಲ ನಿಜ, ಆದರೆ ಅದರೊಳಗೆ ಅಡಗಿರುವ ಮರ ಕೊಳೆಯುತ್ತದೆ. ಮೋಟಾರಿನ ಭಾರ ಹೊರುವ ಹಿಂಬದಿಯ ಹಲಗೆ ಹಾಗೂ ಅನೇಕ ದೋಣಿಗಳಲ್ಲಿ ತಳದ ಆಧಾರಪಟ್ಟಿಗಳು ಫೈಬರ್ ಹೊದಿಸಿದ ಮರವೇ. ಒಂದು ಸಡಿಲ ಸ್ಕ್ರೂವಿನ ರಂಧ್ರ ಸಾಕು, ನೀರು ಒಳಗಿಳಿದು ವರ್ಷಗಟ್ಟಲೆ ತನ್ನ ಕೆಲಸ ಮಾಡುತ್ತದೆ. ಫೋಮ್ ಕೂಡ ಹೀಗೆಯೇ ನೀರು ಕುಡಿದು ದೋಣಿಯನ್ನು ಭಾರವಾಗಿಸುತ್ತದೆ. ಹೊರಗೆ ಮೈ ಮಿರುಗುತ್ತಿದ್ದರೂ ಒಳಗೆ ಗೆದ್ದಲು ತಿಂದ ಬಾಗಿಲಿನ ಸ್ಥಿತಿ.

ಆದ್ದರಿಂದ ಹಳೆಯ ದೋಣಿಯ ದುರಸ್ತಿ ಆರಂಭವಾಗುವುದು ಕಣ್ಣಿನಿಂದಲ್ಲ, ಕಿವಿಯಿಂದ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ದೋಣಿಯ ಮೈಯನ್ನು ಸಣ್ಣ ಸುತ್ತಿಗೆಯಿಂದಲೋ ನಾಣ್ಯದಿಂದಲೋ ತಟ್ಟುತ್ತಾ ಹೋಗಬೇಕು. ಠಣ್ಣೆಂದರೆ ಆರೋಗ್ಯ, ಮಂಕಾದ ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ ಅಥವಾ ಮರ ಕೊಳೆತಿದೆ. ಅಮೆರಿಕದ ದೋಣಿಯಾದರೆ ವಯಸ್ಸು ತಿಳಿಯಲು ಇನ್ನೊಂದು ದಾರಿಯಿದೆ. 1972ರ ನವೆಂಬರ್‌ನಿಂದ ತಯಾರಾದ ದೋಣಿಗಳ ಹಿಂಬದಿಯ ಬಲಗಡೆ 12 ಅಕ್ಷರ-ಅಂಕಿಗಳ ಗುರುತುಸಂಖ್ಯೆ ಇರುವುದು ಅಲ್ಲಿ ಕಡ್ಡಾಯ. ಅದನ್ನು ಓದಬಲ್ಲವರಿಗೆ ಅದು ದೋಣಿಯ ಜಾತಕ.

ಕೊಳೆತ ಮರವನ್ನು ಕೆರೆದು ತೆಗೆದು, ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ಹೊಸ ಪ್ಲೈವುಡ್ ಕೂರಿಸಿ ಮತ್ತೆ ಗಾಜಿನ ಬಟ್ಟೆ ಹೊದಿಸುವುದು ಮುಂದಿನ ಕೆಲಸ. ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸದಾಗಿ ಎರೆಯುವಾಗ ಪದರಗಳು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಎಂದೋ ಗಟ್ಟಿಯಾದ ಹಳೆಯ ಮೈಯೊಡನೆ ಹೊಸ ರಾಳ ಹಾಗೆ ಬೆರೆಯದು, ಬರೀ ಅಂಟಿ ನಿಲ್ಲುತ್ತದೆ. ಅದಕ್ಕಾಗಿಯೇ ಹಳೆಯ ಮೈಯನ್ನು ಉಜ್ಜಿ ಒರಟಾಗಿಸಬೇಕು. ಬಿರುಕಿನ ಅಂಚನ್ನು ದೂರದವರೆಗೆ ಇಳಿಜಾರಾಗಿ ಸವೆಸಬೇಕು. ಹೆಚ್ಚು ಬಿಗಿಯಾಗಿ ಅಂಟುವ ಎಪಾಕ್ಸಿಯನ್ನು ಅನೇಕರು ಆರಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಅಪಾಯ. ಮುಖವಾಡವಿಲ್ಲದೆ ಇದು ಮಾಡುವ ಕೆಲಸವಲ್ಲ. ವಾರಗಟ್ಟಲೆ ಬೆವರಿಳಿಸಿ ದುಡಿದ ಮೇಲೆ ಸಿಗುವುದೇನು? ಇಬ್ಬರು ಮೂವರು ಕೂರಬಹುದಾದ ಪುಟ್ಟ ದೋಣಿ, ಸಣ್ಣ ಮೋಟಾರು, ಬೆಳಗಿನ ಜಾವದ ನಿಶ್ಚಲ ನೀರು, ಗಾಳದ ತುದಿಯ ಕಾಯುವಿಕೆ. ಆ ದೋಣಿಯ ಒಂದೊಂದು ಅಂಗುಲವನ್ನೂ ತಟ್ಟಿ ಬಲ್ಲವರಿಗೆ ಅದರಲ್ಲಿ ಕುಳಿತಾಗ ಸಿಗುವ ನೆಮ್ಮದಿ ಹೊಸ ದೋಣಿ ಕೊಂಡವರಿಗೆ ಸುಲಭವಾಗಿ ದಕ್ಕದು.

ಅಲ್ಲಿ ಹವ್ಯಾಸವಾದದ್ದು ನಮ್ಮಲ್ಲಿ ಅನ್ನದ ಪ್ರಶ್ನೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮರದ ದೋಣಿಗಳಿಗೆ ಫೈಬರ್ ಹೊದಿಸುವ ಕ್ರಮವನ್ನು ಅಧ್ಯಯನ ಮಾಡಿ ಬಳಕೆಗೆ ತರಲು ದುಡಿದಿದೆ. ಕರ್ನಾಟಕದ ಕರಾವಳಿಯ ನಾಡದೋಣಿಗಳಲ್ಲೂ ಫೈಬರ್ ಸಾಮಾನ್ಯವಾಗಿದೆ. ಬಿದಿರು, ಚರ್ಮಗಳಿಂದ ಮಾಡುತ್ತಿದ್ದ ನಮ್ಮ ನದಿಗಳ ಹರಿಗೋಲು ಕೂಡ ಫೈಬರಿನ ರೂಪ ತಾಳಿದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ತೀರದಲ್ಲಿ ಕಟ್ಟುಮರಗಳ ಜಾಗಕ್ಕೆ ಪರಿಹಾರದ ಫೈಬರ್ ದೋಣಿಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಅವಸರದಲ್ಲಿ ಮಾಡಿದ ಕೆಲವು ದೋಣಿಗಳ ಗುಣಮಟ್ಟ ಕಳಪೆಯಾಗಿದೆಯೆಂಬ ದೂರುಗಳೂ ಆಗ ಕೇಳಿಬಂದವು. ಕಡಲಿನ ಮಧ್ಯೆ ಬಿರುಕು ಬಿಟ್ಟರೆ ಹೋಗುವುದು ರಜಾದಿನದ ಮೋಜಲ್ಲ, ಸಂಸಾರದ ಆಧಾರ. ಬಿರುಕನ್ನು ಮೊದಲೇ ಗುರುತಿಸಿ ಸರಿಯಾಗಿ ತೇಪೆ ಹಾಕಬಲ್ಲ ಕೈಗಳಿಗೆ ಇಲ್ಲಿ ಬೆಲೆ ಹೆಚ್ಚು.

ಇನ್ನೊಂದು ತೊಡಕೂ ಇದೆ. ಸತ್ತ ಮರದ ದೋಣಿ ಮಣ್ಣು ಸೇರುತ್ತದೆ. ಫೈಬರ್ ದೋಣಿ ಸೇರುವುದಿಲ್ಲ. ಒಮ್ಮೆ ಗಟ್ಟಿಯಾದ ಈ ರಾಳವನ್ನು ಕರಗಿಸಿ ಮತ್ತೆ ಎರೆಯಲಾಗದು. ಸುಟ್ಟರೆ ವಿಷದ ಹೊಗೆ, ಬಿಟ್ಟರೆ ಬಿಸಿಲಿಗೆ ಪುಡಿಯಾಗಿ ನೀರಿಗೆ. ಫ್ರಾನ್ಸ್‌ನಲ್ಲಿ 2019ರಿಂದ ಹಳೆಯ ಮೋಜಿನ ದೋಣಿಗಳನ್ನು ಕಳಚಿ ವಿಲೇವಾರಿ ಮಾಡುವ ವ್ಯವಸ್ಥೆ ನಡೆಯುತ್ತಿದೆ. ಅದಕ್ಕೆ ಹೊಸ ದೋಣಿಗಳ ಮೇಲಿನ ಶುಲ್ಕವೂ ನೆರವಾಗುತ್ತದೆ.

ಆರೈಕೆಯ ಗೊಡವೆ ಇಲ್ಲವೆಂದು ಬಂದ ವಸ್ತು ಕೊನೆಗೆ ಮನುಷ್ಯನಿಗೆ ಇನ್ನೂ ದೀರ್ಘವಾದ ಆರೈಕೆಯ ಹೊಣೆಯನ್ನೇ ಹೊರಿಸಿದೆ. ಹಳೆಯ ದೋಣಿಯೊಂದನ್ನು ತಟ್ಟಿ, ಕೆರೆದು, ಮತ್ತೆ ನೀರಿಗಿಳಿಸುವವರು ಆ ಹೊಣೆಯನ್ನು ತಮ್ಮ ಪಾಲಿನಷ್ಟು ಹೊರುತ್ತಿದ್ದಾರೆ. ತೇಲುತ್ತಿರುವಷ್ಟು ದಿನ ಅದು ದೋಣಿ. ದಡದಲ್ಲಿ ಬಿಟ್ಟುಬಿಟ್ಟ ದಿನದಿಂದ ಅದು ಕಸ.